ಮುಂಬಾಗಿಲಿಗೆ ಬಣ್ಣ ಹೊಡೆಸುವ ಮುಂಚೆ

ಓದುಗರ ಪ್ರಶ್ನೆ: ಮನೆ ಮಾತು

ಈ ಸಲ ಬಂದ ಪತ್ರಗಳೆಲ್ಲ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಹಳೇ ಸಾಲುಮನೆಗಳ ಬಗ್ಗೆಯೇ. ಎಂಬತ್ತು, ತೊಂಬತ್ತರ ದಶಕದಲ್ಲಿ ಇಲ್ಲಿ ಮನೆ ಕೊಂಡ ನಮ್ಮವರಿಗೆ ಈಗ ವಯಸ್ಸಾಗಿದೆ. ಮಕ್ಕಳು ಬೇರೆ ಊರಲ್ಲಿದ್ದಾರೆ, ಮನೆ ತುಂಬ ಮೆಟ್ಟಿಲು. ಮಾರುವ ಯೋಚನೆ ಬರೋದು ಸಹಜ. ನಾನು ಇಲ್ಲಿ ಮನೆ ಬ್ರೋಕರ್. ವಕೀಲಳೂ ಅಲ್ಲ, ಆಡಿಟರೂ ಅಲ್ಲ. ಸಹಿ ಹಾಕುವ ಮುಂಚೆ ಅವರಿಬ್ಬರನ್ನೂ ಕೇಳಿ. ಅವರನ್ನು ಏನು ಕೇಳಬೇಕು ಅನ್ನೋದನ್ನು ನಾನು ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಮ್ಮದು ಪಾರ್ಕ್ ಸ್ಲೋಪ್‌ನಲ್ಲಿ ನಾಲ್ಕು ಮಹಡಿಯ, ಕಂದು ಕಲ್ಲಿನ ಮುಂಭಾಗದ ಬ್ರೌನ್‌ಸ್ಟೋನ್. 1989ರಲ್ಲಿ 3 ಲಕ್ಷ 20 ಸಾವಿರ ಡಾಲರ್‌ಗೆ, ಇಬ್ಬರ ಹೆಸರಲ್ಲೂ ತಗೊಂಡಿದ್ದು. ಕೆಳಗಿನ ಮೂರು ಮಹಡಿಯಲ್ಲಿ ನಾವು, ಮೇಲಿನದು ಬಾಡಿಗೆಗೆ. ಯಜಮಾನರು ಹೋಗಿ ಒಂದು ವರ್ಷದ ಮೇಲಾಯ್ತು. ನನಗೆ ಮೊಣಕಾಲು ನೋವು. ಮನೆ ಮಾರಿ ಮೈಸೂರಿಗೆ ತಂಗಿ ಹತ್ತಿರ ಹೋಗೋಣ ಅಂತಿದೀನಿ. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. “ಅಮ್ಮಾ, ಮುಂದುಗಡೆ ಪೂರ್ತಿ ಪೇಂಟ್ ಮಾಡಿಸು, ಆ ಹಳೇ ಬಾಗಿಲು ಕಿತ್ತು ಹೊಸದು ಹಾಕಿಸು, ರೇಟು ಜಾಸ್ತಿ ಬರುತ್ತೆ” ಅಂತಾನೆ. ಪಕ್ಕದ ಮನೆಯಾಕೆ, “ಮುಟ್ಟಲೇಬೇಡಿ, ಲ್ಯಾಂಡ್‌ಮಾರ್ಕ್‌ನವರು ನೋಟಿಸ್ ಕೊಡ್ತಾರೆ” ಅಂತಾಳೆ. ಇನ್ನೊಂದು ಭಯ ಏನಂದ್ರೆ, ಮಗನ ಮದುವೆಗೆ ಮುಂಚೆ, 2010ರಲ್ಲಿ, ಯಜಮಾನರು ಮುಂದಿನ ಕಿಟಕಿಗಳನ್ನೆಲ್ಲ ತೆಗೆಸಿ ಪ್ಲಾಸ್ಟಿಕ್ ಫ್ರೇಮಿನವು ಹಾಕಿಸಿದ್ರು. ಪರ್ಮಿಟ್ ತಗೊಂಡ ಹಾಗೆ ನೆನಪಿಲ್ಲ. ತೆರಿಗೆ ಎಷ್ಟು ಹೋಗುತ್ತೆ ಅನ್ನೋದೂ ಗೊತ್ತಿಲ್ಲ.
(ಹೆಸರು ಬೇಡ, ಪಾರ್ಕ್ ಸ್ಲೋಪ್)

ಉತ್ತರ: ಪಕ್ಕದ ಮನೆಯಾಕೆಗೆ ಒಂದು ಕಾಫಿ ಕೊಡಿ. ಮಗನಿಗೆ ಸ್ವಲ್ಪ ದಿನ ಸುಮ್ಮನಿರಲು ಹೇಳಿ. ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ಬ್ರೂಕ್ಲಿನ್ನಿನ ಬಾಗಿಲು ಯಾವತ್ತೂ ಹಳೆಯದಾಗಿಯೇ ಕಾಣುತ್ತದೆ. ಕೊಳ್ಳುವವರು ಬರೋದೇ ಆ ಬಾಗಿಲು ನೋಡಿಕೊಂಡು.

ನಿಮ್ಮ ಮನೆ ಯಾವ ಐತಿಹಾಸಿಕ ಬಡಾವಣೆಯ ಗೆರೆಯೊಳಗೆ ಬರುತ್ತದೆ ಅನ್ನೋದನ್ನು ಮೊದಲು ನೋಡಿ. 1963ರಲ್ಲಿ ಮ್ಯಾನ್‌ಹ್ಯಾಟನ್ನಿನ ಪೆನ್ ಸ್ಟೇಷನ್ ಒಡೆಯಲು ಶುರು ಮಾಡಿದಾಗ ಊರಿಗೆ ಊರೇ ಮರುಗಿತು. 1965ರ ಏಪ್ರಿಲ್‌ನಲ್ಲಿ ಹಳೇ ಕಟ್ಟಡಗಳನ್ನು ಉಳಿಸುವ ಕಾನೂನು ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಬ್ರೂಕ್ಲಿನ್ ಹೈಟ್ಸ್ ನಗರದ ಮೊದಲ ಐತಿಹಾಸಿಕ ಬಡಾವಣೆ ಆಯಿತು. ಪಾರ್ಕ್ ಸ್ಲೋಪ್ ಸೇರಿದ್ದು 1973ರಲ್ಲಿ, ಆದರೆ ಪೂರ್ತಿ ಅಲ್ಲ. ಇನ್ನಷ್ಟು ಬೀದಿಗಳನ್ನು 2012ರಲ್ಲಿ ಸೇರಿಸಿದರು, ಮತ್ತಷ್ಟನ್ನು 2016ರಲ್ಲಿ.

ನಿಮ್ಮ ಕಿಟಕಿಯ ಹಣೆಬರಹ ಇರೋದು ಈ ಇಸವಿಗಳಲ್ಲೇ. ಬೀದಿ ಪಟ್ಟಿಗೆ ಸೇರುವ ಮುಂಚೆ ಮಾಡಿಸಿದ ಕೆಲಸಕ್ಕೆ ಲ್ಯಾಂಡ್‌ಮಾರ್ಕ್ಸ್ ಕಮಿಷನ್ (ಈ ಕಾನೂನು ನೋಡಿಕೊಳ್ಳುವ ನಗರದ ಸಂಸ್ಥೆ, ಪಕ್ಕದ ಮನೆಯಾಕೆ ಹೇಳಿದ ‘ಲ್ಯಾಂಡ್‌ಮಾರ್ಕ್‌ನವರು’) ತಕರಾರು ಮಾಡುವುದಿಲ್ಲ. ನಿಮ್ಮ ಬೀದಿ 2012ರಲ್ಲೋ 2016ರಲ್ಲೋ ಸೇರಿದ್ದಾದರೆ, 2010ರ ಪ್ಲಾಸ್ಟಿಕ್ ಕಿಟಕಿ ನೋಡಲು ಹೇಗೇ ಇರಲಿ, ಕಾನೂನಿನ ಪ್ರಕಾರ ಸರಿ. 1973ರದ್ದಾದರೆ ಅದು ಉಲ್ಲಂಘನೆ. ಇಂಥ ಸಣ್ಣ ಸಾಲುಮನೆಗಳ ಮುಂದಿನ ಕಿಟಕಿ ಬದಲಾಯಿಸಬೇಕಾದರೆ ಹಳೆಯದರ ಆಕಾರ, ತೆರೆಯುವ ರೀತಿ, ಮರ, ಬಣ್ಣ ಎಲ್ಲ ಹೊಂದಬೇಕು, ಮೊದಲು ಪರ್ಮಿಟ್ ತಗೋಬೇಕು. ಯಾರ ಕಾಲದಲ್ಲಿ ಆಯಿತು ಅಂತ ಕಮಿಷನ್ ಕೇಳೋದಿಲ್ಲ. ಉಲ್ಲಂಘನೆ ಮನೆಗೆ ಅಂಟಿಕೊಂಡಿರುತ್ತದೆ, ಮಾರಿದರೆ ಕೊಂಡವರ ತಲೆಗೆ ಹೋಗುತ್ತದೆ. ಆದ್ದರಿಂದಲೇ ಕೊಳ್ಳುವವರ ವಕೀಲರು ಅದನ್ನು ಹುಡುಕಿ ತೆಗೆಯುತ್ತಾರೆ.

ಸಾಕ್ಷಿ ಹುಡುಕೋದು ಕಷ್ಟವಲ್ಲ. ಬಡಾವಣೆಯನ್ನು ಪಟ್ಟಿಗೆ ಸೇರಿಸುವಾಗ ಕಮಿಷನ್ ಒಂದು ವರದಿ ಬರೆಯುತ್ತದೆ. ಈಚಿನ ವರದಿಗಳಲ್ಲಿ ಮನೆ ಮನೆಯ ವಿವರವೂ ಇರುತ್ತದೆ. ನಿಮ್ಮ ಮನೆ ನಂಬರಿನ ಮುಂದೆ “ಕಿಟಕಿ ಬದಲಾಗಿದೆ” ಅನ್ನೋ ಅರ್ಥದ ಒಂದು ಸಾಲಿದ್ದರೆ ಗೆದ್ದಿರಿ. ಯಜಮಾನರ ಕಾಗದದ ಡಬ್ಬದಲ್ಲಿ ಕಿಟಕಿ ಕಂಪನಿಯ ಬಿಲ್ ಸಿಕ್ಕರೆ ಅದನ್ನೂ ಜೊತೆಗಿಡಿ.

ಇದರ ಜೊತೆಗೆ ಹಳೇ ಫೋಟೋ ಒಂದನ್ನು ನೋಡಲೇಬೇಕು. 1939ರಿಂದ 1941ರವರೆಗೆ ಆಸ್ತಿ ತೆರಿಗೆಗೆ ಬೇಕು ಅಂತ ನಗರದವರು ಊರಿನ ಕಟ್ಟಡಗಳನ್ನೆಲ್ಲ ಬೀದಿ ಬೀದಿ ಸುತ್ತಿ ಫೋಟೋ ತೆಗೆದಿದ್ದಾರೆ. ಚಿತ್ರದಲ್ಲಿ ಮನೆ ಮುಂದೆ ಬ್ಲಾಕ್ ನಂಬರ್, ಲಾಟ್ ನಂಬರ್ ಇರುವ ಒಂದು ಬೋರ್ಡ್ ಕಾಣುತ್ತದೆ. ನಗರದ ದಾಖಲೆ ಸಂಗ್ರಹದವರು ಎಲ್ಲವನ್ನೂ ಇಂಟರ್‌ನೆಟ್‌ಗೆ ಹಾಕಿದ್ದಾರೆ. ನಿಮ್ಮ ಬಾಗಿಲು ಎರಡು ರೆಕ್ಕೆಯದಾ, ಮೆಟ್ಟಿಲಿನ ಕಬ್ಬಿಣದ ಕಟಾಂಜನ ಮೊದಲಿನದೇನಾ, ಸೂರಿನ ಅಂಚಿನ ಅಲಂಕಾರ ಪೂರ್ತಿ ಇದೆಯಾ, ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಫೋಟೋದಲ್ಲಿರುವ ಬಾಗಿಲೇ ಇವತ್ತೂ ಇದ್ದರೆ ನಾನಂತೂ ಅದನ್ನು ಪ್ರಿಂಟ್ ಮಾಡಿಸಿ ನಡುಮನೆಯಲ್ಲಿ ಇಡಿಸುತ್ತೇನೆ. ಹೊಸ ಪೇಂಟಿಗಿಂತ ಅದನ್ನೇ ಜನ ಜಾಸ್ತಿ ಹೊತ್ತು ನೋಡುತ್ತಾರೆ.

ಇನ್ನು ಮಗನ ಪೇಂಟ್. ಬಣ್ಣ ಕಾಣದ ಕಲ್ಲಿಗೆ ಬಣ್ಣ ಹೊಡೆಸಲು ಕಮಿಷನ್ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಬಾಗಿಲಿಗೆ ಈಗಿರುವ ಬಣ್ಣವನ್ನೇ ಮತ್ತೆ ಹೊಡೆಸಿದರೆ ಪರ್ಮಿಟ್ ಬೇಡ. ಒಡೆದ ಗಾಜು ಹಾಕಿಸಲೂ ಬೇಡ. ಬಣ್ಣ ಬದಲಾದರೆ ಬೇಕು. ಒಳಗಡೆ ಕಮಿಷನ್ನಿಗೆ ಕೆಲಸವಿಲ್ಲ. ಅಡುಗೆಮನೆ ಹೇಗೆ ಮಾಡಿಸಿಕೊಂಡಿದ್ದೀರಿ ಅಂತ ಯಾರೂ ಕೇಳಲ್ಲ. ಆದರೆ ಕೊಳಾಯಿ, ಗೋಡೆ ಅಂತ ಕಟ್ಟಡ ಇಲಾಖೆಯ ಪರ್ಮಿಟ್ ಬೇಕಾಗುವ ಕೆಲಸಕ್ಕೆ, ಒಳಗಿನದೇ ಆದರೂ, ಕಮಿಷನ್ನಿನ ಒಂದು ಕಾಗದ ಬೇಕಾಗುತ್ತದೆ. ಹಿಂದೆ ಅಂಥ ಕೆಲಸ ಮಾಡಿಸಿದ್ದರೆ ಆ ಪರ್ಮಿಟ್ ಮುಗಿದಿದೆಯಾ ನೋಡಿ. ಕೆಲಸ ಮುಗಿದ ಮೇಲೆ, ಪರ್ಮಿಟ್ ಪ್ರಕಾರವೇ ಆಗಿದೆ ಅಂತ ಕಮಿಷನ್ನಿನಿಂದ ‘ನೋಟಿಸ್ ಆಫ್ ಕಂಪ್ಲಯನ್ಸ್’ ಅನ್ನೋ ಕಾಗದ ತಗೋಬೇಕು. ಕೆಲಸ ಮಾಡಿದ ಕಾಂಟ್ರಾಕ್ಟರ್ ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ, ಕಾಗದ ಯಾರೂ ತಂದಿರುವುದಿಲ್ಲ. ನಾನು ನೋಡಿದ ಮನೆಗಳಲ್ಲಿ ವ್ಯಾಪಾರ ನಿಧಾನವಾಗಲು ದೊಡ್ಡ ಕಾರಣ ಇದೇ.

ಮನೆಗೆ ‘ಸರ್ಟಿಫಿಕೇಟ್ ಆಫ್ ಆಕ್ಯುಪೆನ್ಸಿ’ (ಎಷ್ಟು ಸಂಸಾರದ ಮನೆ ಅಂತ ಹೇಳುವ ನಗರದ ಕಾಗದ) ಇದೆಯಾ ಅಂತಲೂ ನೋಡಿ. 1938ಕ್ಕೆ ಮುಂಚಿನ ಎಷ್ಟೋ ಮನೆಗಳಿಗೆ ಅದು ಇರುವುದೇ ಇಲ್ಲ, ಗಾಬರಿ ಬೇಡ. ಇದ್ದರೆ ಅದರಲ್ಲಿ ಎರಡು ಸಂಸಾರದ ಮನೆ ಅಂತ ಇರಬೇಕು. ಒಂದೇ ಅಂತಲೋ, ರೂಮುಗಳ ಬಾಡಿಗೆ ಮನೆ ಅಂತಲೋ ಇದ್ದರೆ ಈಗಲೇ ಆರ್ಕಿಟೆಕ್ಟ್ ಒಬ್ಬರನ್ನು ಹಿಡಿಯಿರಿ. ಮನೆಯ ದೋಷಗಳ ವಿವರದ ಫಾರಂ ಒಂದಿದೆ. ಮೊದಲೆಲ್ಲ 500 ಡಾಲರ್ ಬಿಟ್ಟುಕೊಟ್ಟು ಅದರಿಂದ ತಪ್ಪಿಸಿಕೊಳ್ಳುತ್ತಿದ್ದರು. 2024ರ ಮಾರ್ಚ್‌ನಿಂದ ಆ ದಾರಿ ಮುಚ್ಚಿದೆ, ತುಂಬಲೇಬೇಕು. ನೆಲಮಾಳಿಗೆಗೆ ಮಳೆನೀರು ಬರುತ್ತಿದ್ದರೆ ಬರುತ್ತದೆ ಅಂತಲೇ ಬರೆಯಿರಿ.

ಈಗ ತೆರಿಗೆ. ಇಲ್ಲಿ ನಿಮಗೆ ಬಣ್ಣ, ಬಾಗಿಲು, ಕಿಟಕಿ ಎಲ್ಲಕ್ಕಿಂತ ದೊಡ್ಡದಾದ ಒಂದು ಗಡುವಿದೆ. ಅದನ್ನು ನಿಮಗೆ ಯಾರೂ ಹೇಳಿದ ಹಾಗಿಲ್ಲ.

ವಾಸದ ಮನೆ ಮಾರಿ ಬಂದ ಲಾಭದಲ್ಲಿ ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್, ಗಂಡ ಹೆಂಡತಿಗೆ ಸೇರಿ ಐದು ಲಕ್ಷ ಡಾಲರ್‌ವರೆಗೆ ಫೆಡರಲ್ ತೆರಿಗೆ ಇಲ್ಲ. ಗಂಡ ಅಥವಾ ಹೆಂಡತಿ ತೀರಿಕೊಂಡ ದಿನದಿಂದ ಎರಡು ವರ್ಷದೊಳಗೆ ಮಾರಿದರೆ ಉಳಿದವರಿಗೂ, ಮತ್ತೆ ಮದುವೆ ಆಗಿಲ್ಲದಿದ್ದರೆ, ಪೂರ್ತಿ ಐದು ಲಕ್ಷ ಸಿಗುತ್ತದೆ. ಎರಡು ವರ್ಷ ದಾಟಿದರೆ ಅರ್ಧ. ಕೊಳ್ಳುವವರು ಸಿಕ್ಕ ದಿನವಲ್ಲ, ಕ್ಲೋಸಿಂಗ್ ಆದ ದಿನ, ಅಂದರೆ ದುಡ್ಡು ಬಂದು ಮನೆ ಅವರ ಹೆಸರಿಗೆ ಹೋದ ದಿನ ಲೆಕ್ಕ. ಕಾಂಟ್ರಾಕ್ಟ್‌ಗೆ ಸಹಿ ಬಿದ್ದ ಮೇಲೂ ಕ್ಲೋಸಿಂಗ್‌ಗೆ ಎರಡು ಮೂರು ತಿಂಗಳು ಹಿಡಿಯುವುದು ಮಾಮೂಲು. ಕ್ಯಾಲೆಂಡರ್ ತಗೊಂಡು ಎಣಿಸಿ.

ಎರಡನೆಯದು, ಯಜಮಾನರ ಅರ್ಧ ಪಾಲು. ಅವರು ತೀರಿಕೊಂಡ ದಿನ ಮನೆಗೆ ಎಷ್ಟು ಬೆಲೆ ಇತ್ತೋ ಅದರ ಅರ್ಧವೇ ಆ ಪಾಲಿನ ಹೊಸ ಅಸಲು ಬೆಲೆ. ಅಂದಾಜು ಲೆಕ್ಕ ಹಾಕೋಣ. ಆ ದಿನದ ಬೆಲೆ 24 ಲಕ್ಷ ಡಾಲರ್, ಮಾರುವುದೂ ಅಷ್ಟಕ್ಕೇ ಅಂತಿಟ್ಟುಕೊಳ್ಳಿ. ಅವರ ಪಾಲಿನ ಅಸಲು 12 ಲಕ್ಷ. ನಿಮ್ಮದು 1989ರ ಬೆಲೆಯ ಅರ್ಧ, 1 ಲಕ್ಷ 60 ಸಾವಿರ. ಒಟ್ಟು 13 ಲಕ್ಷ 60 ಸಾವಿರ. ಲಾಭ 10 ಲಕ್ಷ 40 ಸಾವಿರ. ನಾಲ್ಕರಲ್ಲಿ ಮೂರು ಮಹಡಿ ನಿಮ್ಮ ವಾಸ ಅಂದರೆ 7 ಲಕ್ಷ 80 ಸಾವಿರ ವಾಸದ ಭಾಗದ ಲಾಭ. ಅದರಲ್ಲಿ ಐದು ಲಕ್ಷ ಬಿಟ್ಟು ಹೋಗುತ್ತದೆ. ಉಳಿದ 2 ಲಕ್ಷ 80 ಸಾವಿರಕ್ಕೂ, ಬಾಡಿಗೆ ಮಹಡಿಯ 2 ಲಕ್ಷ 60 ಸಾವಿರಕ್ಕೂ ತೆರಿಗೆ. ಬಾಡಿಗೆ ಭಾಗಕ್ಕೆ ಇಷ್ಟು ವರ್ಷ ಸವಕಳಿ ತೋರಿಸಿದ್ದೀರಲ್ಲ, ಅದಕ್ಕೆ ಬೇರೆ ಲೆಕ್ಕ ಇದೆ. ಬಾಯ್ಲರ್, ಛಾವಣಿ ಅಂತ ಹಾಕಿಸಿದ ದೊಡ್ಡ ಖರ್ಚಿನ ಬಿಲ್‌ಗಳಿದ್ದರೆ ಲಾಭ ಇನ್ನೂ ಇಳಿಯುತ್ತದೆ. ಇವೆಲ್ಲ ನಿಲ್ಲೋದು ಯಜಮಾನರು ಹೋದ ದಿನದ ಬೆಲೆಯ ಮೇಲೆ. ಲೈಸೆನ್ಸ್ ಇರುವ ಮೌಲ್ಯಮಾಪಕರಿಂದ ಆ ದಿನಕ್ಕೆ ಅನ್ವಯಿಸುವ ಹಾಗೆ ವರದಿ ಮಾಡಿಸಿ. ಹಿಂದಿನ ತಾರೀಕಿಗೂ ಮಾಡಿಕೊಡುತ್ತಾರೆ.

ಮಾರುವವರು ಕಟ್ಟುವ ವರ್ಗಾವಣೆ ತೆರಿಗೆ ಬೇರೆ. ನಿಮ್ಮಂಥ ಮನೆಗೆ 5 ಲಕ್ಷ ದಾಟಿದ ಬೆಲೆಗೆ ನಗರದ್ದು ಶೇ. 1.425, ರಾಜ್ಯದ್ದು ಶೇ. 0.4. 24 ಲಕ್ಷಕ್ಕೆ 34,200 ಮತ್ತು 9,600, ಒಟ್ಟು 43,800 ಡಾಲರ್. 10 ಲಕ್ಷ ಮುಟ್ಟಿದ ಮನೆಗೆ ‘ಮ್ಯಾನ್ಷನ್ ಟ್ಯಾಕ್ಸ್’ ಅಂತಲೂ ಇದೆ, ಅದು ಕೊಳ್ಳುವವರದ್ದು. 30 ಲಕ್ಷ ಮುಟ್ಟಿದರೆ ಎರಡು ಕಡೆಯೂ ದರ ಏರುತ್ತದೆ. ಯಾರಾದರೂ 30 ಲಕ್ಷದ ಆಸುಪಾಸಿನ ಮಾತಾಡಿದರೆ 29 ಲಕ್ಷ 90 ಸಾವಿರ ಏಕೆ ಅಷ್ಟು ಜನಪ್ರಿಯ ಅಂತ ಗೊತ್ತಾಗುತ್ತದೆ.

ಮೈಸೂರಿಗೆ ಹೋಗೋದು ಮಾರಿದ ಮೇಲೇ ಇರಲಿ. ನ್ಯೂಯಾರ್ಕ್ ಬಿಟ್ಟವರಿಗೆ ಕ್ಲೋಸಿಂಗ್ ದಿನವೇ ರಾಜ್ಯದ ತೆರಿಗೆಯ ಫಾರಂ ಬೇರೆ ಇದೆ. ಭಾರತದಲ್ಲಿ ಪೂರ್ತಿ ರೆಸಿಡೆಂಟ್ ಆದವರು ಅಲ್ಲಿಯೂ ಲೆಕ್ಕ ಕೊಡಬೇಕು. ಮಾರಿ, ತೆರಿಗೆ ಮುಗಿಸಿ, ಆರಾಮಾಗಿ ಹೋಗಿ.

ಪ್ರಶ್ನೆ: ಅಕ್ಕಾ, ಸ್ಟೈವೆಸೆಂಟ್ ಹೈಟ್ಸ್‌ನಲ್ಲಿ ಅಣ್ಣ ತಮ್ಮ ಸೇರಿ ಕೊಂಡ ಮನೆ. ಮುಂದಿನ ಕಲ್ಲು ಪದರ ಪದರವಾಗಿ ಉದುರುತ್ತಿದೆ. ಮೆಟ್ಟಿಲ ಅಂಚು ಮುರಿದಿದೆ. ಒಬ್ಬ ಕಾಂಟ್ರಾಕ್ಟರ್ “ಮೇಲೆ ಸಿಮೆಂಟ್ ಬಳಿದು ಕಂದು ಬಣ್ಣ ಹೊಡೆದುಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ” ಅಂತಾನೆ. ರಿಪೇರಿ ಮಾಡಿಸಿ ಮಾರೋದಾ, ಹಾಗೇ ಮಾರೋದಾ?
(ತಮ್ಮ, ಬ್ರೂಕ್ಲಿನ್)

ಉತ್ತರ: ಆ ಕಾಂಟ್ರಾಕ್ಟರ್‌ನನ್ನು ಮೊದಲು ಮನೆಗೆ ಕಳಿಸಿ. ಅವನ ಮನೆಗೆ.

ಈ ಮನೆಗಳೆಲ್ಲ ಇಡೀ ಕಲ್ಲಿನವು ಅಂದುಕೊಳ್ಳುತ್ತೇವೆ. ಹಿಂದೆ ಇರೋದು ಇಟ್ಟಿಗೆ. ಮುಂದುಗಡೆ ಕೆಲವೇ ಅಂಗುಲ ದಪ್ಪದ ಮರಳುಗಲ್ಲಿನ ಹೊದಿಕೆ. ಕನೆಕ್ಟಿಕಟ್‌ನ ಪೋರ್ಟ್‌ಲ್ಯಾಂಡ್ ಗಣಿಯಿಂದ ದೋಣಿ ದೋಣಿ ಬರುತ್ತಿತ್ತು, ನ್ಯೂಜರ್ಸಿಯಿಂದಲೂ ಬರುತ್ತಿತ್ತು. ಮೆತ್ತನೆಯ ಕಲ್ಲು, ಕೆತ್ತಲು ಸುಲಭ. ಮರಳುಗಲ್ಲು ಭೂಮಿಯಲ್ಲಿ ಪದರದ ಮೇಲೆ ಪದರ ಮಲಗಿರುತ್ತದೆ. ಗೋಡೆಗೂ ಹಾಗೇ ಮಲಗಿಸಿ ಕಟ್ಟಬೇಕು. ತೆಳುವಾದ ಹಲಗೆಗಳನ್ನು ಅಗಲ ಮುಖ ಕಾಣುವ ಹಾಗೆ ನಿಲ್ಲಿಸಿ ಕಟ್ಟಿದರು. ಪದರಗಳ ನಡುವೆ ನೀರು ಇಳಿಯುತ್ತದೆ, ಜನವರಿಯಲ್ಲಿ ಅದು ಮಂಜುಗಡ್ಡೆಯಾಗಿ ಉಬ್ಬುತ್ತದೆ, ಕಲ್ಲು ಚಿರೋಟಿಯ ಹಾಗೆ ಪದರ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಎರಡು ಮೂರು ಚಳಿಗಾಲದಲ್ಲಿ ಸಿಮೆಂಟೂ ಬೀಳುತ್ತದೆ, ಜೊತೆಗೆ ಒಳ್ಳೇ ಕಲ್ಲನ್ನೂ ಕರೆದುಕೊಂಡು ಬೀಳುತ್ತದೆ.

ಸರಿಯಾಗಿ ಮಾಡುವವರು ಸಡಿಲವಾದದ್ದನ್ನೆಲ್ಲ ಗಟ್ಟಿ ಕಲ್ಲು ಸಿಗುವವರೆಗೆ ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಮೇಲೆ ಗೀರು ಹಾಕಿ ಒಂದು ಕೋಟ್, ಆಮೇಲೆ ಬಣ್ಣ ಬೆರೆಸಿದ ಕೊನೆಯ ಕೋಟ್. ಬಣ್ಣ ಗಾರೆಯ ಒಳಗಿರಬೇಕು, ಮೇಲೆ ಬಳಿದದ್ದಾಗಬಾರದು. ಇದಕ್ಕೆ ಕಮಿಷನ್ನಿನ ಪರ್ಮಿಟ್ ಬೇಕು. ಗಾರೆಯ ಒಂದು ಮಾದರಿ ತುಂಡನ್ನು ಅವರಿಗೆ ತೋರಿಸಿ ಬಣ್ಣ, ತರಿ ಒಪ್ಪಿಸಬೇಕು. ಇಂಥ ಕೆಲಸಕ್ಕೆ ಸಾರ್ವಜನಿಕ ವಿಚಾರಣೆ ಅಂತೇನಿಲ್ಲ, ಸಿಬ್ಬಂದಿಯೇ ನೋಡಿ ಕೊಡುತ್ತಾರೆ.

ನಿಮ್ಮ ಪ್ರಶ್ನೆಗೆ ನನ್ನ ಅಭಿಪ್ರಾಯ: ಮೆಟ್ಟಿಲು ಮಾಡಿಸಿ. ಮನೆ ನೋಡಲು ಬಂದವರು ಎಡವಿ ಬಿದ್ದರೆ ಅದು ನಿಮ್ಮ ಖರ್ಚು. ಇಡೀ ಮುಂಭಾಗ ಮಾಡಿಸಬೇಡಿ. ಕೊಳ್ಳುವವರಿಗೆ ತಮ್ಮದೇ ಆರ್ಕಿಟೆಕ್ಟ್, ತಮ್ಮದೇ ಲೆಕ್ಕ ಇರುತ್ತದೆ. ನೀವು ಹಾಕಿದ ದುಡ್ಡು ಡಾಲರಿಗೆ ಡಾಲರ್ ವಾಪಸ್ ಬಂದದ್ದನ್ನು ನಾನು ನೋಡಿಲ್ಲ. ಅನುಭವ ಇರುವ ಇಬ್ಬರಿಂದ ಬರವಣಿಗೆಯಲ್ಲಿ ಅಂದಾಜು ತಗೊಂಡು ಮೇಜಿನ ಮೇಲಿಡಿ. ಇಲ್ಲದಿದ್ದರೆ ಅವರ ಕಡೆಯವರು ಬಾಯಿಗೆ ಬಂದ ಅಂಕಿ ಹೇಳಿ ಬೆಲೆ ಇಳಿಸುತ್ತಾರೆ.

ಅಂದ ಹಾಗೆ ಅಣ್ಣನ ಸಹಿ ಇಲ್ಲದೆ ಏನೂ ನಡೆಯೋದಿಲ್ಲ. ಪತ್ರದಲ್ಲಿ ಅಣ್ಣ ಏನಂತಾರೆ ಅಂತ ನೀವು ಬರೆದೇ ಇಲ್ಲ.

ಪ್ರಶ್ನೆ: ಫೋರ್ಟ್ ಗ್ರೀನ್‌ನಲ್ಲಿ ನಮ್ಮ ಮನೆಯ ಮುಂದಿನ ದೊಡ್ಡ ಹಾಲ್, ಅಂದರೆ ಪಾರ್ಲರ್‌ನಲ್ಲಿ ನೆಲದಿಂದ ಸೂರಿನವರೆಗೆ ದೊಡ್ಡ ಕನ್ನಡಿ ಇದೆ, ಸುತ್ತ ಕೆತ್ತನೆಯ ಮರ. ನಮ್ಮವರಿಗೆ ಅದರ ಮೇಲೆ ಬಹಳ ಪ್ರೀತಿ. ನ್ಯೂಜರ್ಸಿಯ ಹೊಸ ಮನೆಗೆ ತಗೊಂಡು ಹೋಗಬಹುದಾ? ದೇವರಮನೆ ಗೋಡೆಯಲ್ಲಿ ಕೂರಿಸಿದ ಅಷ್ಟಲಕ್ಷ್ಮಿಯರ ಟೈಲ್ಸ್ ಗತಿ ಏನು?
(ಗೃಹಿಣಿ, ಫೋರ್ಟ್ ಗ್ರೀನ್)

ಉತ್ತರ: ಮೊದಲು ನ್ಯೂಜರ್ಸಿ ಮನೆಯ ಎತ್ತರ ಅಳೆಯಿರಿ. ಹಳೇ ಪಾರ್ಲರ್‌ಗೆ ಹೇಳಿ ಮಾಡಿಸಿದ ಕನ್ನಡಿ ಹೊಸ ಮನೆಯಲ್ಲಿ ನೆಟ್ಟಗೆ ನಿಲ್ಲೋದೇ ಅನುಮಾನ.

ಒಳಗಿನ ಕನ್ನಡಿಗೆ ಲ್ಯಾಂಡ್‌ಮಾರ್ಕ್ ಕಾನೂನು ಅಡ್ಡಿ ಬರುವುದಿಲ್ಲ. ಅಡ್ಡಿ ಬರೋದು ಕಾಂಟ್ರಾಕ್ಟ್. ಗೋಡೆಗೆ ಜಡಿದದ್ದು ಮನೆಯ ಭಾಗ, ಬೇರೆ ಏನೂ ಬರೆಯದಿದ್ದರೆ ಮನೆಯ ಜೊತೆ ಹೋಗುತ್ತದೆ. ಬೇಕೇ ಬೇಕು ಅಂದರೆ ಫೋಟೋ ತೆಗೆಸುವ ಮುಂಚೆಯೇ ಬಿಚ್ಚಿಸಿ, ಅಥವಾ “ಇದು ಸೇರಿಲ್ಲ” ಅಂತ ಮೊದಲ ದಿನದಿಂದಲೇ ಬರೆಸಿ. ಬಿಚ್ಚಿದರೆ ಹಿಂದೆ ಬೋಳು ಗೋಡೆ ಕಾಣುತ್ತದೆ, ನೆನಪಿರಲಿ. ನನ್ನ ಮಾತು ಕೇಳುವುದಾದರೆ ಕನ್ನಡಿ ಅಲ್ಲೇ ಇರಲಿ. ಅಮೃತಶಿಲೆಯ ಅಗ್ಗಿಷ್ಟಿಕೆ, ಗೋಡೆಯೊಳಗೆ ಸರಿಯುವ ಬಾಗಿಲು, ಈ ಕನ್ನಡಿ, ಮೂರೂ ಒಟ್ಟಿಗಿದ್ದರೆ ಆ ಕೋಣೆಗೆ ಬೇರೆಯೇ ಬೆಲೆ. ಅಷ್ಟಲಕ್ಷ್ಮಿಯರನ್ನು ಮಾತ್ರ ಈಗಲೇ, ಒಳ್ಳೇ ಟೈಲ್ಸ್ ಕೆಲಸದವನಿಂದ, ಹುಷಾರಾಗಿ ತೆಗೆಸಿಕೊಳ್ಳಿ.

ಪ್ರಶ್ನೆ: ನಾವು ಮೂವತ್ತು ವರ್ಷ ಈರುಳ್ಳಿ ಬೆಳ್ಳುಳ್ಳಿಯನ್ನೂ ಲೆಕ್ಕ ಹಾಕಿ ಬಳಸಿದ ಮನೆ. ನಮ್ಮವರಿಗೇ, ಸಸ್ಯಾಹಾರಿಗಳಿಗೇ ಕೊಡಬೇಕು ಅಂತ ಆಸೆ. ಜಾಹೀರಾತಿನಲ್ಲಿ ಹಾಕಬಹುದಾ?
(ಕ್ಲಿಂಟನ್ ಹಿಲ್)

ಉತ್ತರ: ಹಾಕಬೇಡಿ, ಬಾಯಲ್ಲೂ ಹೇಳಬೇಡಿ. ಧರ್ಮ, ಜನಾಂಗ, ಹುಟ್ಟಿದ ದೇಶ ನೋಡಿ ಮನೆ ಕೊಡುವುದು, ಕೊಡದಿರುವುದು ನ್ಯೂಯಾರ್ಕ್‌ನಲ್ಲಿ ಕಾನೂನುಬಾಹಿರ. “ನಮ್ಮವರು” ಅಂದ ಕೂಡಲೇ ಇವೆಲ್ಲ ಅದರೊಳಗೆ ಬಂತು. ನಾನು ಅಂಥ ಮನೆ ಹಿಡಿದರೆ ನನ್ನ ಲೈಸೆನ್ಸ್ ಹೋಗುತ್ತದೆ. ಕೊಳ್ಳುವವರು ಮಕ್ಕಳ ಫೋಟೋ ಇಟ್ಟು ಪ್ರೀತಿಯ ಪತ್ರ ಬರೆದು ಕಳಿಸುತ್ತಾರೆ, ಅದನ್ನೂ ಓದದೇ ಇರೋದು ಒಳ್ಳೆಯದು. ಬೆಲೆ, ಸಾಲದ ಭರವಸೆ, ಕ್ಲೋಸಿಂಗ್ ತಾರೀಕು, ಈ ಮೂರು ನೋಡಿ. ಕ್ಲೋಸಿಂಗ್ ಆದ ಮಾರನೇ ದಿನ ಆ ಅಡುಗೆಮನೆಯಲ್ಲಿ ಏನು ಬೇಯುತ್ತದೆ ಅನ್ನೋದು ನಿಮ್ಮ ತಲೆನೋವಲ್ಲ.

ಪ್ರಶ್ನೆ: ಮೂರು ಸಂಸಾರದ ನಮ್ಮ ಮನೆಯ ಮೇಲ್ಮಹಡಿಯಲ್ಲಿ ಒಬ್ಬ ಅಜ್ಜಿ 1969ರಿಂದ ಇದ್ದಾರೆ. ನಾವು ಕೊಂಡಾಗಲೇ ಇದ್ದರು. ಬಾಡಿಗೆ ಬಹಳ ಕಡಿಮೆ. ಖಾಲಿ ಮಾಡಿಸಿ ಕೊಟ್ಟರೆ ಬೆಲೆ ಜಾಸ್ತಿ ಅಂತ ಒಬ್ಬರು ಹೇಳಿದರು.
(ಕ್ಯಾರಲ್ ಗಾರ್ಡನ್ಸ್)

ಉತ್ತರ: ಹೇಳಿದವರಿಗೆ ಇಲ್ಲಿಯ ಕಾನೂನು ಗೊತ್ತಿಲ್ಲ. 1947ಕ್ಕೆ ಮುಂಚಿನ, ಮೂರು ಅಥವಾ ಹೆಚ್ಚು ಸಂಸಾರದ ಕಟ್ಟಡದಲ್ಲಿ 1971ರ ಜುಲೈಗೆ ಮುಂಚಿನಿಂದ ಇರುವವರು ಸಾಮಾನ್ಯವಾಗಿ ಬಾಡಿಗೆ ನಿಯಂತ್ರಣದ ರಕ್ಷಣೆಯಲ್ಲಿರುತ್ತಾರೆ. ಮನೆ ಕೈ ಬದಲಾದರೂ ಅವರ ಹಕ್ಕು ಬದಲಾಗುವುದಿಲ್ಲ. ಜೊತೆಯಲ್ಲಿ ವಾಸವಿರುವ ಮಗಳಿದ್ದರೆ ಅವಳಿಗೂ ಹಕ್ಕು ಬರಬಹುದು.

ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಮಾತು ಆಡಬಹುದು, ಆದರೆ ಅದಕ್ಕೂ ನಿಯಮ ಇದೆ. ನಿಮ್ಮ ಹಕ್ಕುಗಳು ಇಂತಿಂಥವು ಅಂತ ಬರವಣಿಗೆಯಲ್ಲಿ ಕೊಡಬೇಕು. ಬೇಡ ಅಂತ ಅಜ್ಜಿ ಬರೆದು ಕೊಟ್ಟರೆ 180 ದಿನ ಮತ್ತೆ ಆ ಮಾತು ಎತ್ತುವ ಹಾಗಿಲ್ಲ. ಎತ್ತಿದರೆ ಕಿರುಕುಳ ಅನ್ನಿಸಿಕೊಳ್ಳುತ್ತದೆ. ಅಜ್ಜಿಯ ಸಮೇತ ಮಾರಿ. ಬೆಲೆ ಕಡಿಮೆ ಬರುತ್ತದೆ, ನಿಜ. ನೀವು ಕೊಳ್ಳುವಾಗಲೂ ಅವರಿದ್ದರು, ನಿಮಗೂ ಅಷ್ಟು ಕಡಿಮೆಗೇ ಸಿಕ್ಕಿರಬೇಕಲ್ವಾ?

ಪ್ರಶ್ನೆ: ಅಪ್ಪ ಗ್ರೀನ್ ಕಾರ್ಡ್ ವಾಪಸ್ ಕೊಟ್ಟು ಬೆಂಗಳೂರಿಗೆ ಬಂದು ಎರಡು ವರ್ಷ ಆಯ್ತು. ಕಾಬಲ್ ಹಿಲ್ ಮನೆ ಖಾಲಿ ಬಿದ್ದಿದೆ. ಈಗ 18 ಲಕ್ಷ ಡಾಲರ್‌ಗೆ ಕೇಳುತ್ತಿದ್ದಾರೆ. ಅಪ್ಪನಿಗೆ ಪ್ರಯಾಣ ಆಗಲ್ಲ. ಇಲ್ಲಿಂದಲೇ ಮಾರಬಹುದಾ?
(ಮಗಳು, ಜಯನಗರ)

ಉತ್ತರ: ಮಾರಬಹುದು. ಹೊರದೇಶದವರು ಇಲ್ಲಿ ಆಸ್ತಿ ಮಾರಿದರೆ ಕೊಳ್ಳುವವರು ಬೆಲೆಯ ಶೇ. 15ನ್ನು ಹಿಡಿದು ಫೆಡರಲ್ ತೆರಿಗೆ ಇಲಾಖೆಗೆ ಕಟ್ಟಬೇಕು. ಲಾಭದ ಮೇಲಲ್ಲ, ಬೆಲೆಯ ಮೇಲೆ. 18 ಲಕ್ಷಕ್ಕೆ 2 ಲಕ್ಷ 70 ಸಾವಿರ ಡಾಲರ್. ಅದು ಮುಂಗಡ ಅಷ್ಟೇ, ನಿಜವಾದ ತೆರಿಗೆ ಕಡಿಮೆ ಇದ್ದರೆ ಮುಂದಿನ ವರ್ಷ ವಾಪಸ್ ಬರುತ್ತದೆ. ಅಷ್ಟು ದಿನ ಕಾಯುವುದು ಬೇಡ ಅಂದರೆ ಕ್ಲೋಸಿಂಗ್‌ಗೆ ಮುಂಚೆಯೇ ಕಡಿಮೆ ಹಿಡಿಯಲು ಅನುಮತಿ ಕೇಳುವ 8288-ಬಿ ಅನ್ನೋ ಫಾರಂ ಹಾಕಿ. ಉತ್ತರ ಬರುವವರೆಗೆ ಆ ಹಣ ವಕೀಲರ ಖಾತೆಯಲ್ಲಿರುತ್ತದೆ.

ಅಪ್ಪ ಹೊರಟು ಮೂರು ವರ್ಷ ಆಗಿಲ್ಲವಾದ್ದರಿಂದ ಎರಡೂವರೆ ಲಕ್ಷದ ವಿನಾಯಿತಿ ಇನ್ನೂ ಕೈಯಲ್ಲಿದೆ. ಮಾರುವ ದಿನದಿಂದ ಹಿಂದಿನ ಐದು ವರ್ಷದಲ್ಲಿ ಎರಡು ವರ್ಷ ಅಲ್ಲಿ ವಾಸವಿದ್ದಿರಬೇಕು. ಎಳೆಯುತ್ತಾ ಹೋಗಬೇಡಿ. ಮನೆ ಖಾಲಿ ಇದೆ ಅಂತ ವಿಮೆಯವರಿಗೆ ತಿಳಿಸಿದ್ದೀರಾ? ಎಷ್ಟೋ ಪಾಲಿಸಿಗಳು ಖಾಲಿ ಮನೆಯಲ್ಲಿ ಪೈಪ್ ಒಡೆದರೆ ದುಡ್ಡು ಕೊಡುವುದಿಲ್ಲ.

ಸಹಿಗೆ ಪವರ್ ಆಫ್ ಅಟಾರ್ನಿ ಸಾಕು. ಕರಡನ್ನು ನ್ಯೂಯಾರ್ಕ್ ವಕೀಲರಿಂದಲೇ ಮಾಡಿಸಿ, ಅಲ್ಲಿ ಟೈಪ್ ಮಾಡಿಸಿದ್ದು ನಡೆಯೋದಿಲ್ಲ. ಅಪ್ಪ ನೋಟರಿ ಮುಂದೆ ಸಹಿ ಹಾಕಿ ಅದಕ್ಕೆ ಅಪಾಸ್ಟಿಲ್ (ಹೊರದೇಶದಲ್ಲಿ ನಡೆಯಲು ಸರ್ಕಾರ ಹಾಕಿಕೊಡುವ ದೃಢೀಕರಣ) ಮಾಡಿಸಬೇಕು, ಇಲ್ಲವೇ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸಹಿ ಹಾಕಬೇಕು. ಮೂಲ ಪ್ರತಿಯೇ ಇಲ್ಲಿಗೆ ಬರಬೇಕು, ಸ್ಕ್ಯಾನ್ ಆಗೋದಿಲ್ಲ.

ಇನ್ನೊಂದು ವಿಷಯ, ನಮ್ಮವರಿಗೆ ಮಾತ್ರ ಬರುವ ತೊಂದರೆ. ಮನೆ ಪತ್ರದಲ್ಲಿ ಅಪ್ಪನ ಹೆಸರು ಇನಿಷಿಯಲ್ ಜೊತೆ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಊರ ಹೆಸರು, ತಾತನ ಹೆಸರಾಗಿ ಬಿಡಿಸಿಕೊಂಡು ಕೂತಿರುತ್ತದೆ. ಆಧಾರ್‌ನಲ್ಲಿ ಮೂರನೇ ಥರ. ಮನೆಯ ಒಡೆತನ ಯಾರದ್ದು ಅಂತ ಪರಿಶೀಲಿಸುವ ಇಲ್ಲಿಯ ಟೈಟಲ್ ಕಂಪನಿಯವರಿಗೆ ಇವರೆಲ್ಲ ಮೂರು ಬೇರೆ ಬೇರೆ ಮನುಷ್ಯರು. ಎಲ್ಲ ಒಬ್ಬರೇ ಅನ್ನುವ ಅಫಿಡವಿಟ್ ಒಂದನ್ನು ಪವರ್ ಆಫ್ ಅಟಾರ್ನಿ ಜೊತೆಗೇ, ಅದೇ ದಿನ, ಅದೇ ನೋಟರಿ ಹತ್ತಿರ ಮಾಡಿಸಿಬಿಡಿ. ಅಪ್ಪನನ್ನು ಎರಡನೇ ಸಲ ಕರೆದುಕೊಂಡು ಹೋಗುವ ಕೆಲಸ ತಪ್ಪುತ್ತದೆ. ಮನೆ ಪತ್ರದ ಪ್ರತಿ ಬೇಕಾದರೆ ನಗರದ ದಾಖಲೆ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿ ನೋಡಿ, ಹೆಸರನ್ನು ಅಕ್ಷರಕ್ಕೆ ಅಕ್ಷರ ಅಲ್ಲಿರುವ ಹಾಗೇ ಬರೆಸಿ.